ಬಿಜಾಪುರದ ಚಿತ್ರಗಳನ್ನೂ ಸೇರಿಸಬೇಕಿತ್ತು

ಯುರೋಪಿನ ಹಳೆಯ ಚಿತ್ರಗಳಲ್ಲಿ ಕಪ್ಪು ಜನ ಬಹುತೇಕ ಮೂಲೆಯಲ್ಲಿ ನಿಂತ ಆಳುಗಳು ಎಂದು ಕಲೆಯಲ್ಲಿ ಕಪ್ಪು ಜನರ ಚಿತ್ರಣ ಕುರಿತ ಲೇಖನವೊಂದು ಹೇಳುತ್ತದೆ. ಒಪ್ಪುವ ಮಾತೇ. ಫ್ರೆಂಚ್ ಚಿತ್ರಕಾರ ಮಾನೆ 1863ರಲ್ಲಿ ಬರೆದ ‘ಒಲಿಂಪಿಯಾ’ದಲ್ಲಿ ಹೂಗುಚ್ಛ ಹಿಡಿದು ನಿಂತವಳ ಹೆಸರು ಲೋರ್. ಅವಳು ಯಾರು ಅಂತ ಬಹಳ ಕಾಲ ಯಾರೂ ಅಷ್ಟಾಗಿ ಕೇಳಲೇ ಇಲ್ಲ.

ಆದರೆ ಯುರೋಪಿನಲ್ಲೇ ನಿಂತುಬಿಟ್ಟರೆ ಹೇಗೆ? ನಮ್ಮ ಬಿಜಾಪುರದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವರು, ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಮಂತ್ರಿ. 1650ರ ಸುಮಾರಿನ ಚಿತ್ರವೊಂದರಲ್ಲಿ ಅವರೇ ನಾಯಕ, ಕೈಯಲ್ಲಿ ಅರ್ಜಿ. ಇನ್ನೊಂದರಲ್ಲಿ ಸುಲ್ತಾನನ ಜೊತೆ ಒಂದೇ ಆನೆ ಮೇಲೆ ಕೂತಿದ್ದಾರೆ. ಮೈಬಣ್ಣ ಕಪ್ಪು, ಗೇಲಿಯ ಗೆರೆ ಒಂದೂ ಇಲ್ಲ! ಹಾಗಂತ ದಖ್ಖನ್ ಏನು ಸ್ವರ್ಗವಲ್ಲ. ಎಷ್ಟೋ ಹಬ್ಶಿಗಳು, ಅಂದರೆ ಆಫ್ರಿಕಾದಿಂದ ಬಂದವರು, ಗುಲಾಮರಾಗಿಯೇ ಹಡಗು ಇಳಿದವರು. ಅರ್ಜಿಯ ಚಿತ್ರ ನೋಡಬೇಕಂದ್ರೆ ಅಮೆರಿಕದ ಸ್ಯಾನ್ ಡಿಯಾಗೋ ಕಲಾ ಮ್ಯೂಸಿಯಂ ಹುಡುಕಿ, ಬಿಜಾಪುರದಲ್ಲಿ ಸಿಗಲ್ಲ.