ಸತ್ಯವೇದದಾಗ ಎಲ್ಲೈತಿ ಅಂತ ಕೇಳೋ ನಮ್ಮೂರು, ಕೇಳದ ಮಾಹಿಮ್

ಹುಬ್ಬಳ್ಳಿಯಿಂದ ಕಣ್ಣು ತೋರಿಸ್ಕೊಳ್ಳೋಕೆ ಮುಂಬೈಗೆ ಬಂದ ನಮ್ಮ ಕಾಕಾ ಹೋದ ಬುಧವಾರ ನನ್ನ ಮಾನ ತೆಗೆದ್ರು. ಪಕ್ಕದ್ಮನೆ ಮರಾಠಿ ಮಾವಶಿ, ಮನೇಲಿ ಗಣಪತಿ ಕೂರಿಸೋರು, ಕೈಯಲ್ಲಿ ಹೂವು ಮೇಣದಬತ್ತಿ ಹಿಡ್ಕೊಂಡು ಮಾಹಿಮ್ ಚರ್ಚಿನ ನೋವೆನಾಗೆ, ಅಂದ್ರೆ ಬುಧವಾರದ ವಿಶೇಷ ಪ್ರಾರ್ಥನೆಗೆ ಹೊರಟಿದ್ರು, ನಿತ್ಯ ಸಹಾಯ ಮಾತೆ, ಅಂದ್ರೆ ಯೇಸುವಿನ ತಾಯಿ ಮರಿಯಳ ಹತ್ರ ನಿಮ್ಮ ಕಣ್ಣಿಗೂ ಬೇಡ್ಕೋತೀನಿ ಅಂದ್ರು ಪಾಪ. ಕಾಕಾ ಹರುಕು ಹಿಂದೀಲಿ ಕೇಳಿದ್ದೇನು? ಆ ಹೆಸರು ಸತ್ಯವೇದದಲ್ಲಿ, ಅಂದ್ರೆ ಬೈಬಲ್‌ನಲ್ಲಿ, ಎಲ್ಲಿದೆ ತೋರಿಸಿ ಅಂತ! ಮಾವಶಿ ನಕ್ಕು, ನಂಗೇನ್ ಗೊತ್ತು ಭಾವು, ಮಗಳ ಹೆರಿಗೆ ಟೈಮಲ್ಲಿ ಕೈ ಬಿಡ್ಲಿಲ್ಲ ಅಂದು ಹೋಗೇ ಬಿಟ್ರು.

ನಾವು ಬಾಸೆಲ್ ಮಿಷನ್ ಕಡೆಯ ಪ್ರಾಟೆಸ್ಟಂಟ್ ಕ್ರೈಸ್ತರು. ಊರಲ್ಲಿ ಏನೇ ಅಂದ್ರೂ ಅಧ್ಯಾಯ, ವಚನ ಹೇಳ್ಬೇಕು, ಮರಿಯಳ ಹೆಸರು ಕ್ರಿಸ್ಮಸ್ ನಾಟಕ ಮುಗಿದ್ರೆ ಮತ್ತೆ ಮುಂದಿನ ವರ್ಷಾನೇ. ಇಲ್ಲಿ 1948ರಿಂದ ಬುಧವಾರ ಬಂತು ಅಂದ್ರೆ ಮಾಹಿಮ್‌ಗೆ ಜನ ಸಾಲುಗಟ್ಟಿ ಬರ್ತಾರೆ, ಯಾವ ಜಾತಿ ಧರ್ಮ ಅಂತ ಯಾರೂ ಕೇಳಲ್ಲ. ಮೇಣದಲ್ಲಿ ಮಾಡಿದ ಕಾಲು, ಕೈ, ಪುಟ್ಟ ಮನೆ ಮಾರೋರ ಹತ್ರ ಜನ ಚೌಕಾಸಿ ಮಾಡ್ತಾ ನಿಂತಿರ್ತಾರೆ, ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಖೋಲಿ ಸಿಗ್ಬೇಕು, ಅವರಿಗೆ ಬಿರುದಿನ ಮೂಲ ಹುಡುಕೋ ಪುರುಸೊತ್ತೆಲ್ಲಿ?

ನಮ್ಮವರಿಗೂ ಒಂದು ಕೇಳ್ತೀನಿ. ಚರ್ಚಿನ ಅಯ್ಯನವರ ಹೆಸರಿನ ಹಿಂದೆ ರೆವರೆಂಡ್ ಹಾಕ್ತೀರಲ್ಲ, ಹಳೇ ಕಿಂಗ್ ಜೇಮ್ಸ್ ಬೈಬಲ್ ತೆಗೆದ್ರೆ 111ನೇ ಕೀರ್ತನೆಯ 9ನೇ ವಚನದಲ್ಲಿ ಆ ಪದ ಇರೋದು ದೇವರ ನಾಮಕ್ಕೆ. ಅದಕ್ಕೆ ಯಾರೂ ತಕರಾರು ಎತ್ತಿದ್ದು ನಾನಂತೂ ನೋಡಿಲ್ಲ.

ದೇವಮಾತೆ ಅನ್ನೋದೂ ಸುಮ್ನೆ ಹುಟ್ಟಿದ್ದಲ್ಲ. ಲೂಕನ ಮೊದಲನೇ ಅಧ್ಯಾಯದಲ್ಲೇ ಎಲಿಸಬೇತಳು ಮರಿಯಳನ್ನ ನನ್ನ ಕರ್ತನ ತಾಯಿ ಅಂತಾಳೆ, 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೇಲಿ ಜಗಳ ಆಗಿದ್ದೂ ಹುಟ್ಟಿದ ಮಗು ಯಾರು ಅಂತಲೇ, ಬಿರುದು ಅದರ ಜೊತೆ ಗಟ್ಟಿಯಾಯ್ತು. 2020ರಲ್ಲಿ ಪೋಪ್ ಫ್ರಾನ್ಸಿಸ್ ಮಾತೆಯ ಬಿರುದುಗಳನ್ನ ಒಂದೊಂದಾಗಿ ಹೇಳೋ ಸ್ತುತಿಮಾಲೆಗೆ ವಲಸಿಗರ ಸಾಂತ್ವನ ಅಂತ ಒಂದು ಬಿರುದು ಸೇರಿಸಿದ್ರು. ನಾನು ಕ್ಯಾಥೊಲಿಕ್ ಅಲ್ಲ, ಆದ್ರೂ ಲೋಕಲ್ ಟ್ರೇನಲ್ಲಿ ಬಾಗಿಲಿಗೆ ಜೋತು ಬೀಳೋನಿಗೆ ಆ ಹೆಸರು ನಾಟುತ್ತೆ, ಊರು ಬಿಡದವರಿಗೆ ಇದು ಅರ್ಥ ಆಗೋದು ಕಷ್ಟ.

ಕಾಕಾ ಮಾತಲ್ಲಿ ಹುರುಳೇ ಇಲ್ಲ ಅಂತ ಹೇಳಕ್ಕಾಗಲ್ಲ, ಒಪ್ಕೊಳ್ಳೋಕೆ ಮನಸ್ಸಿಲ್ಲ ಅಷ್ಟೆ. ಮರಿಯಳಿಗೆ ಆಕಾಶದ ರಾಣಿ ಅಂತಲೂ ಅಂತಾರೆ; ಬೈಬಲ್‌ನ ಯೆರೆಮೀಯನ ಪುಸ್ತಕದಲ್ಲೂ ಆಕಾಶದ ರಾಣಿ ಬರ್ತಾಳೆ, ಆದ್ರೆ ಅವಳು ಜನ ರೊಟ್ಟಿ ಸುಟ್ಟು ಪೂಜಿಸ್ತಿದ್ದ ಬೇರೆ ದೇವತೆ, ಪ್ರವಾದಿ ಅದಕ್ಕೇ ಬೈದಿದ್ದು, ಅಂದ್ರೆ ಗ್ರಂಥದಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗಲ್ಲ. 2025ರ ನವೆಂಬರಿನಲ್ಲಿ ವ್ಯಾಟಿಕನ್ ಕೂಡ, ಮರಿಯಳನ್ನ ಕ್ರಿಸ್ತನ ಜೊತೆ ಸಹ-ವಿಮೋಚಕಿ ಅನ್ನೋದು ಸರಿಯಲ್ಲ ಅಂತ ಬರೆದು ಹೇಳ್ತು. ಮಗನ ಕೆಲಸವನ್ನೇ ತಾಯಿಗೆ ಹಂಚೋ ಬಿರುದಾದ್ರೆ ಕಾಕಾ ಕೇಳೋದು ನ್ಯಾಯವೇ. ನಿತ್ಯ ಸಹಾಯ ಮಾತೆ ವಿಷಯದಲ್ಲಿ ಮಾತ್ರ ನಾನು ಮಾವಶಿ ಕಡೆ.