ಅಂಕಣ ಬರೆದು ಹಾಳಾದನಂತೆ!

ನಿನ್ನೆ ರಾತ್ರಿ ಒಂದು ಆನ್‌ಲೈನ್ ಓದುಗರ ಕೂಟದಲ್ಲಿ ಕೂತಿದ್ದೆ. ವಿಷಯ ಐರಿಶ್ ಸಾಹಿತ್ಯ. ಮಾತಾಡುತ್ತಿದ್ದವರು ಚೆನ್ನಾಗಿಯೇ ಓದಿಕೊಂಡವರು, ಅದಕ್ಕೇ ಸಿಟ್ಟು ಜಾಸ್ತಿ ಬಂದಿದ್ದು. ಫ್ಲಾನ್ ಒ'ಬ್ರಯನ್ ಹೆಸರು ಬಂತು. "ಪಾಪ, ದೊಡ್ಡ ಪ್ರತಿಭೆ. ಎರಡು ಒಳ್ಳೆ ಕಾದಂಬರಿ ಬರೆದ, ಆಮೇಲೆ ಪೇಪರ್‌ಗೆ ಅಂಕಣ ಬರೆದು ಹಾಳಾದ" ಅಂದರು. ಅಷ್ಟೇ, ಮುಂದಿನ ಲೇಖಕನಿಗೆ ಹೋದರು. ಸ್ಕ್ರೀನಿನ ಮೇಲಿದ್ದ ಚೌಕಗಳಲ್ಲೆಲ್ಲ ತಲೆಗಳು ಅಲ್ಲಾಡಿದವು. ಒಬ್ಬರಂತೂ ಮ್ಯೂಟ್ ಮಾಡುವುದನ್ನೂ ಮರೆತು ನಿಟ್ಟುಸಿರು ಬಿಟ್ಟರು.

ನಾನು ಕೈ ಎತ್ತಿದೆ. ಯಾರೂ ನೋಡಲಿಲ್ಲ. ಹಾಗಾಗಿ ಈಗ ನೀವು ಅನುಭವಿಸಬೇಕು.

ನಾನು ಪೇಪರ್ ಡೆಸ್ಕಿನಲ್ಲಿ ಎಷ್ಟು ವರ್ಷ ಕೂದಲು ಉದುರಿಸಿಕೊಂಡೆ ಅನ್ನೋದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. "ಪತ್ರಿಕೆಗೆ ಬರೆದು ಹಾಳಾದ" ಅನ್ನೋ ಮಾತು ಕಿವಿಗೆ ಬಿದ್ದರೆ ಬೆನ್ನಲ್ಲಿ ಚುಳುಕ್ ಅನ್ನುತ್ತದೆ. ಕಾದಂಬರಿ ಬರೆದರೆ ಸಾಹಿತ್ಯ, ಕಾಲಂ ಬರೆದರೆ ಕೂಲಿ. ಇದನ್ನು ಯಾರು ಯಾವಾಗ ತೀರ್ಮಾನ ಮಾಡಿದರು ಸ್ವಾಮಿ?

ಮೊದಲು ಮನುಷ್ಯನ ಪರಿಚಯ. ನಿಜವಾದ ಹೆಸರು ಬ್ರಯಾನ್ ಒ'ನೋಲನ್. ಹುಟ್ಟಿದ್ದು 1911ರಲ್ಲಿ, ಟೈರೋನ್ ಕೌಂಟಿಯ ಸ್ಟ್ರಬೇನ್‌ನಲ್ಲಿ. ಮನೆಮಾತು ಐರಿಶ್. ಅಪ್ಪ ಕಸ್ಟಮ್ಸ್ ಇಲಾಖೆಯಲ್ಲಿ. ಮನೆಯಲ್ಲಿ 12 ಮಕ್ಕಳು, ಇವನು ಮೂರನೆಯವನು. ಡಬ್ಲಿನ್‌ನಲ್ಲಿ ಓದು ಮುಗಿಸಿ 1935ರಲ್ಲಿ ಸರ್ಕಾರಿ ನೌಕರಿ ಸೇರಿದ. 1937ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಅಷ್ಟು ದೊಡ್ಡ ಸಂಸಾರ ನಡೆದದ್ದು ಮುಖ್ಯವಾಗಿ ಇವನ ಸಂಬಳದಲ್ಲಿ. 'ಪ್ರತಿಭೆಗೆ ದ್ರೋಹ ಬಗೆದ' ಅಂತೆಲ್ಲ ಮಾತಾಡುವವರು ಈ ಸಾಲನ್ನು ಹಾರಿಸಿಬಿಡುತ್ತಾರೆ. ತಿಂಗಳ ಕೊನೆಗೆ ಅಕ್ಕಿ ಬೇಳೆ ಲೆಕ್ಕ ಹಾಕಿದವರು ಹಾರಿಸುವುದಿಲ್ಲ.

ಈಗ ತಾರೀಖು ನೋಡಿ. ಆಪಾದನೆ ನಿಂತಿರುವುದೇ ತಾರೀಖಿನ ಮೇಲೆ, ಬೀಳುವುದೂ ಅಲ್ಲೇ.

'ಆ್ಯಟ್ ಸ್ವಿಮ್-ಟು-ಬರ್ಡ್ಸ್' ಬಂದದ್ದು 1939ರಲ್ಲಿ, ಲಂಡನ್ನಿನ ಲಾಂಗ್‌ಮನ್ಸ್‌ನಿಂದ. ಪ್ರಕಾಶಕರಿಗೆ ಶಿಫಾರಸು ಮಾಡಿದ್ದು ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್. 'ಯುಲಿಸಿಸ್' ಬರೆದ ಜೇಮ್ಸ್ ಜಾಯ್ಸ್ ಕೂಡ, ಕಣ್ಣು ಸರಿಯಾಗಿ ಕಾಣದಿದ್ದರೂ, ಓದಿ ಮೆಚ್ಚಿದ. ಮಾರಾಟವಾದ ಪ್ರತಿ ಎಷ್ಟು? 244 ಅಂತ ಲೆಕ್ಕ. ಉಳಿದ ಪ್ರತಿಗಳು 1940ರ ಜರ್ಮನ್ ಬಾಂಬಿಗೆ ಗೋದಾಮಿನ ಜೊತೆ ಬೂದಿ. ಅದೇ 1940ರ ಆರಂಭದಲ್ಲಿ 'ದಿ ಥರ್ಡ್ ಪೊಲೀಸ್‌ಮನ್' ಬರೆದು ಕಳಿಸಿದ. ಪ್ರಕಾಶಕರು ವಾಪಸ್ ಮಾಡಿದರು. ಈತನ ಕಲ್ಪನೆ ಸ್ವಲ್ಪ ಕಡಿಮೆಯಾಗಲಿ ಅಂತ ನಾವು ಕಾಯುತ್ತಿದ್ದರೆ ಇದರಲ್ಲಿ ಇನ್ನೂ ಜಾಸ್ತಿಯಾಗಿದೆ ಅನ್ನೋದು ಅವರ ತಕರಾರು! ಅವನಿಗೆ ಎಷ್ಟು ನಾಚಿಕೆಯಾಯಿತು ಅಂದರೆ, ಹಸ್ತಪ್ರತಿ ಕಳೆದೇ ಹೋಯಿತು ಅಂತ ಸ್ನೇಹಿತರ ಹತ್ತಿರ ಕಥೆ ಕಟ್ಟಿದ. ಮನೆಯಲ್ಲೇ ಇತ್ತು. ಅವನು ಬದುಕಿರುವವರೆಗೂ ಅಚ್ಚಾಗಲಿಲ್ಲ.

ಅಂಕಣ ಶುರುವಾದದ್ದು ಯಾವಾಗ? 1940ರ ಅಕ್ಟೋಬರ್ 4ಕ್ಕೆ. ಬಾಗಿಲು ಮುಚ್ಚಿದ ಮೇಲೆ! ಕಾದಂಬರಿಗೆ ಬೀಗ ಹಾಕಿದವರು ಲಂಡನ್ನಿನಲ್ಲಿ ಕೂತಿದ್ದರು. ಕೀಲಿ ಕಳ್ಳ ಅಂತ ಬೈಸಿಕೊಳ್ಳುತ್ತಿರುವುದು ಮಾತ್ರ ಡಬ್ಲಿನ್ನಿನ ಪೇಪರ್.

ಆ ಅಂಕಣ ಹುಟ್ಟಿದ ರೀತಿಯೇ ಒಂದು ಪ್ರಹಸನ. 'ದಿ ಐರಿಶ್ ಟೈಮ್ಸ್'ನ ವಾಚಕರ ಪತ್ರಗಳ ವಿಭಾಗಕ್ಕೆ ಇವನು, ಇವನ ಗೆಳೆಯರು ಸುಳ್ಳು ಹೆಸರಿನಲ್ಲಿ ಪತ್ರ ಬರೆಯುತ್ತಿದ್ದರು. ಒಂದು ಹೆಸರಿನಲ್ಲಿ ಕೆಣಕುವುದು, ಇನ್ನೊಂದು ಹೆಸರಿನಲ್ಲಿ ಅದಕ್ಕೇ ಉತ್ತರ ಕೊಡುವುದು, ಮೂರನೇ ಹೆಸರಿನಲ್ಲಿ ಇಬ್ಬರಿಗೂ ಬುದ್ಧಿ ಹೇಳುವುದು. (ಫೇಕ್ ಅಕೌಂಟ್ ಹೊಸದೇನಲ್ಲ ಕಣ್ರೀ.) ಕವಿ ಪ್ಯಾಟ್ರಿಕ್ ಕ್ಯಾವನಾ ಆಲೂಗಡ್ಡೆ ಬೆಳೆಗೆ ಔಷಧಿ ಹೊಡೆಯುವುದರ ಬಗ್ಗೆ ಪದ್ಯ ಬರೆದರೆ, ಅದರ ಮೇಲೂ ಪತ್ರಗಳ ಸುರಿಮಳೆ. ಸಂಪಾದಕ ಸ್ಮೈಲಿಯ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ಕೇಸ್ ಹಾಕುತ್ತಿದ್ದರು. ಸ್ಮೈಲಿ ಇವನನ್ನು ಕರೆದು ಕಾಲಂ ಕೊಟ್ಟ. ಅಂಥ ಸಂಪಾದಕರು ಈಗ ಎಲ್ಲಿದ್ದಾರೆ ಅಂತ ಕೇಳಬೇಡಿ, ನಾನು ಪಿಂಚಣಿ ತೆಗೆದುಕೊಳ್ಳುವವನು.

ಅಂಕಣದ ಹೆಸರು 'ಕ್ರುಶ್ಕೀನ್ ಲಾನ್'. ಬರೆಯುತ್ತಿದ್ದ ಹೆಸರು ಮೈಲ್ಸ್ ನ ಗೋಪಲೀನ್. ಸರ್ಕಾರಿ ನೌಕರನಿಗೆ ಸ್ವಂತ ಹೆಸರಲ್ಲಿ ಎಲ್ಲರನ್ನೂ ಗೇಲಿ ಮಾಡಲು ಆಗುತ್ತದೆಯೇ? ಮೊದಮೊದಲು ಐರಿಶ್ ಭಾಷೆಯಲ್ಲಿ, ಆಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇದು 1966ರವರೆಗೆ ನಡೆಯಿತು.

ಅದರಲ್ಲಿ ಏನಿತ್ತು ಅನ್ನೋದಕ್ಕೆ ನನಗೆ ಬಹಳ ಇಷ್ಟವಾದ ಒಂದನ್ನು ಹೇಳುತ್ತೇನೆ. ಒಬ್ಬ ಸಾಹುಕಾರ ಗೆಳೆಯ ಹೊಸ ಮನೆಗೆ ದೊಡ್ಡ ಲೈಬ್ರರಿ ಮಾಡಿಸಿದ್ದಾನೆ. ಒಂದು ಪುಸ್ತಕವನ್ನೂ ತೆರೆದಿಲ್ಲ. ಅದನ್ನು ನೋಡಿ ಮೈಲ್ಸ್ ಒಂದು ವ್ಯಾಪಾರ ಶುರು ಮಾಡುತ್ತಾನೆ: ನಿಮ್ಮ ಪುಸ್ತಕಗಳನ್ನು ಓದಿದ ಹಾಗೆ ಕಾಣುವಂತೆ ನಾವು ಹಾಳು ಮಾಡಿಕೊಡುತ್ತೇವೆ. ದರಕ್ಕೆ ತಕ್ಕ ದರ್ಜೆ. ಅಗ್ಗದ ದರ್ಜೆಯಲ್ಲಿ ನಾಲ್ಕು ಪುಟದ ಕಿವಿ ಮಡಚಿ, ಮರೆತುಹೋದ ಗುರುತಿನ ಹಾಗೆ ಒಂದು ಟ್ರಾಮ್ ಟಿಕೆಟ್ ಇಡುತ್ತಾರೆ. ಮೇಲಿನ ದರ್ಜೆಗೆ ಕೆಂಪು ಪೆನ್ಸಿಲ್ ಗೆರೆ. ಅದಕ್ಕೂ ಮೇಲೆ ಹೋದರೆ ಕಾಫಿ, ಟೀ, ವಿಸ್ಕಿ ಕಲೆ, ಜೊತೆಗೆ ಲೇಖಕನ ಖೋಟಾ ಸಹಿ. ಪುಟಗಳ ನಡುವೆ ಗೇಟ್ ಥಿಯೇಟರಿನ ಹಳೇ ನಾಟಕದ ಕರಪತ್ರ ಇಡುತ್ತಾರೆ. ಆ್ಯಬಿ ಥಿಯೇಟರಿನದಾದರೂ ಪರವಾಗಿಲ್ಲ ಅಂದರೆ ಶೇಕಡಾ 3 ರಿಯಾಯಿತಿ! ಡಬ್ಲಿನ್ನಿನ ಎರಡು ರಂಗಮಂದಿರಗಳ ಇಡೀ ಜಗಳ ಆ ಒಂದು ರಿಯಾಯಿತಿಯಲ್ಲಿದೆ. ಇನ್ನು ಅತಿ ದುಬಾರಿ ದರ್ಜೆಯಲ್ಲಿ ಪುಟದ ಅಂಚಿನಲ್ಲಿ ಟಿಪ್ಪಣಿಯನ್ನೂ ಬರೆದುಕೊಡುತ್ತಾರೆ: ಶುದ್ಧ ಬೊಗಳೆ, ನಾನು ಒಪ್ಪೋದಿಲ್ಲ, ಹೌದೌದು ಎಷ್ಟು ನಿಜ, ಪಾಪ ಜಾಯ್ಸ್ ಕೂಡ ನನ್ನ ಹತ್ತಿರ ಇದೇ ಮಾತು ಹೇಳಿದ್ದ, ಹೀಗೆ.

ಇದನ್ನು ಬೆಳಗಿನ ಪೇಪರಿನಲ್ಲಿ, ಯುದ್ಧದ ಸುದ್ದಿ, ಪಡಿತರದ ಸುದ್ದಿಯ ಪಕ್ಕದಲ್ಲಿ ಓದಿ ಆಫೀಸಿಗೆ ಹೊರಟ ಗುಮಾಸ್ತನನ್ನು ಯೋಚಿಸಿ. ಅವನಿಗೆ ಸಿಕ್ಕಿದ್ದು ಸಾಹಿತ್ಯ ಅಲ್ವಾ?

ಈಗ ನಾಟಕ. ಇಲ್ಲಿ ನನ್ನ ವಾದಕ್ಕೆ ಸ್ವಲ್ಪ ಮಜಾ ಇದೆ.

1943ರ ಜನವರಿಯಲ್ಲಿ ಆ್ಯಬಿಯಲ್ಲಿ ಇವನ 'ಫಾಸ್ಟಸ್ ಕೆಲ್ಲಿ' ಬಂತು. ಒಬ್ಬ ಪುರಸಭೆ ಅಧ್ಯಕ್ಷ ಪಾರ್ಲಿಮೆಂಟಿಗೆ ಗೆಲ್ಲಲು ಸೈತಾನನಿಗೆ ಆತ್ಮ ಮಾರಿಕೊಳ್ಳುತ್ತಾನೆ. ಪ್ರತಿಯಾಗಿ ಸೈತಾನನಿಗೆ ತೆರಿಗೆ ವಸೂಲಿ ಮಾಡುವ ಕೆಲಸ ಕೊಡಿಸಲು ಓಡಾಡುತ್ತಾರೆ. ಐರಿಶ್ ರಾಜಕಾರಣಿಗಳ ಜೊತೆ ನಾಲ್ಕು ದಿನ ಇದ್ದ ಸೈತಾನನಿಗೆ ಸಾಕುಸಾಕಾಗಿ, ಇವರನ್ನೆಲ್ಲ ನರಕಕ್ಕೆ ಕರೆದುಕೊಂಡು ಹೋಗಿ ಶಾಶ್ವತವಾಗಿ ಇವರ ಮುಖ ನೋಡಲು ನನ್ನಿಂದ ಆಗೋದಿಲ್ಲ ಅಂತ ಕರಾರು ಹರಿದು ಹಾಕುತ್ತಾನೆ. ಎರಡು ವಾರ ನಡೆಯಿತು. ನಿಂತಿತು. ಮಾರ್ಚ್‌ನಲ್ಲಿ ಜೆಕ್ ಲೇಖಕರಾದ ಚಾಪೆಕ್ ಸಹೋದರರ ಹುಳುಗಳ ನಾಟಕವನ್ನು ಡಬ್ಲಿನ್ ಪಾರ್ಕಿಗೆ ತಂದು, ಜೇನುಹುಳಕ್ಕೂ ಇರುವೆಗೂ ಐರ್ಲೆಂಡಿನ ಮಾತು ಕೊಟ್ಟ. ಗೇಯಿಟಿ ಥಿಯೇಟರಿನಲ್ಲಿ ಅದು ಒಂದು ವಾರವೂ ಬಾಳಲಿಲ್ಲ.

ಆ ಎರಡು ನಾಟಕಗಳ ನಡುವೆ, ಫೆಬ್ರವರಿಯಲ್ಲಿ, ಕ್ಯಾವನ್ ಊರಿನ ಅನಾಥಾಲಯಕ್ಕೆ ಬೆಂಕಿ ಬಿದ್ದು 35 ಹೆಣ್ಣುಮಕ್ಕಳು ಮತ್ತು ಒಬ್ಬ ವೃದ್ಧೆ ಸತ್ತರು. ಅದರ ವಿಚಾರಣಾ ಸಮಿತಿಗೆ ಸರ್ಕಾರ ನೇಮಿಸಿದ ಕಾರ್ಯದರ್ಶಿ ಇದೇ ಒ'ನೋಲನ್. ಒಂದು ಕಡೆ ಸುಟ್ಟ ಕಟ್ಟಡದ ಸಾಕ್ಷ್ಯ ದಾಖಲಿಸುವುದು, ಇನ್ನೊಂದು ಕಡೆ ನಗಿಸುವ ಕಾಲಂ. ಈ ವರ್ಷದ ಬಗ್ಗೆ ಯಾರಾದರೂ ಒಂದು ಗಂಟೆ ಮಾತಾಡಿದರೆ ನಾನು ಎರಡು ಗಂಟೆ ಕೂತು ಕೇಳುತ್ತೇನೆ. ಆದರೆ 'ಹಾಳಾದ' ಅಂದುಬಿಟ್ಟರೆ ಕೆಲಸ ಬೇಗ ಮುಗಿಯುತ್ತದಲ್ಲ.

ಸರಿ, ನಾಟಕ ಓಡಲಿಲ್ಲ. ಹಾಗಾದರೆ ಅವನೊಳಗಿನ ನಾಟಕಕಾರ ಎಲ್ಲಿಗೆ ಹೋದ? ಕಾಲಂಗೆ ಹೋದ! ಬಸ್ ಸ್ಟಾಪಿನಲ್ಲಿ ನಿಂತವನೊಬ್ಬ ತನ್ನ ಅಣ್ಣನೋ ತಮ್ಮನೋ ಒಬ್ಬ ಮಹಾಶಯನ ಸಾಹಸ ಹೇಳುತ್ತಾ ಹೋಗುತ್ತಾನೆ. ಕೇಳುವವನು ಹೂಂ, ಹೌದಾ ಅನ್ನುತ್ತಿರುತ್ತಾನೆ. ಬಸ್ ಬರುತ್ತದೆ, ಅವನು ಹತ್ತಿ ಹೋಗುತ್ತಾನೆ. ಆ 'ಬ್ರದರ್' ಒಮ್ಮೆಯೂ ಎದುರಿಗೆ ಬರುವುದಿಲ್ಲ, ಆದರೆ ಅವನ ಸಕಲ ಕಾಯಿಲೆ, ಅವನಿರುವ ಬಾಡಿಗೆ ಮನೆಯ ಸಕಲ ರಗಳೆ ನಮಗೆ ಗೊತ್ತು. ಇನ್ನೊಂದು ಕಡೆ, ಚೆಂದವಾಗಿ ಮಾತಾಡಲು ಬಾರದ ಶ್ರೀಮಂತರ ಜೊತೆ ರಂಗಮಂದಿರಕ್ಕೆ ಹೋಗಿ ಇಬ್ಬರ ಮಾತನ್ನೂ ತಾವೇ ಆಡುವ ಬಾಡಿಗೆ ಜೊತೆಗಾರರು. ತುಟಿ ಅಲ್ಲಾಡಿಸದೆ ದನಿ ಬದಲಿಸಬಲ್ಲವರು. ಕೊನೆಗೆ ಅವರಲ್ಲಿ ಕೆಲವರು ಕೆಟ್ಟುಹೋಗಿ, ದುಡ್ಡು ಬಿಚ್ಚು, ಇಲ್ಲದಿದ್ದರೆ ನಿನ್ನ ದನಿಯಲ್ಲಿ ಪಕ್ಕದವರನ್ನು ಬೈಯುತ್ತೇನೆ ಅಂತ ಹೆದರಿಸಲು ಶುರು ಮಾಡುತ್ತಾರೆ. ಇದು ನಾಟಕವಲ್ಲದೆ ಏನು? ರಂಗಸಜ್ಜಿಕೆ ಇಲ್ಲ, ಅಷ್ಟೇ.

ಪ್ರತಿವಾದ ಇದೆ, ನನಗೂ ಗೊತ್ತು. ವಿಮರ್ಶಕ ಹ್ಯೂ ಕೆನರ್ ನೇರವಾಗಿಯೇ ಕೇಳಿದ್ದ: ಇವನನ್ನು ಹಾಳು ಮಾಡಿದ್ದು ಕುಡಿತವೋ, ಅಂಕಣವೋ? ಕುಡಿತ ಇತ್ತು, ಅದರ ಬಗ್ಗೆ ಸಮರ್ಥನೆ ಇಲ್ಲ. ಕೊನೆಯ ವರ್ಷಗಳ ಕಾಲಂಗಳಲ್ಲಿ ಕೆಲವು ಬರೀ ಗೊಣಗಾಟ, ಅದೂ ನಿಜ. 1953ರಲ್ಲಿ ಸರ್ಕಾರಿ ಕೆಲಸ ಹೋಯಿತು. ಕಾಗದದ ಮೇಲೆ ಅನಾರೋಗ್ಯದ ಕಾರಣ, ಆದರೆ ಮಂತ್ರಿಗಳನ್ನೂ ಬಿಡದ ಕಾಲಂ ಹಿಂದೆ ಇತ್ತು. ಸಣ್ಣ ಪಿಂಚಣಿ. ಹೊಟ್ಟೆಪಾಡಿಗೆ ಸಣ್ಣ ಊರಿನ ಪತ್ರಿಕೆಗಳಿಗೂ ಬೇರೆ ಬೇರೆ ಹೆಸರಿನಲ್ಲಿ ಬರೆದ, ಜಾರ್ಜ್ ನೋಆಲ್ ಅಂತ ಒಂದು ಕಡೆ, ಜಾನ್ ಜೇಮ್ಸ್ ಡೋ ಅಂತ ಇನ್ನೊಂದು ಕಡೆ. ಎಲ್ಲವೂ ಚಿನ್ನವಾಗಲು ಸಾಧ್ಯವೇ? ಕಾದಂಬರಿಕಾರನ ಕೆಟ್ಟ ಕಾದಂಬರಿಗಳನ್ನು 'ಬೆಳವಣಿಗೆಯ ಹಂತ' ಅಂತ ಕ್ಷಮಿಸುತ್ತೀರಿ. ಅಂಕಣಕಾರನ ಕೆಟ್ಟ ಗುರುವಾರ ಮಾತ್ರ ಅವನ ಪತನಕ್ಕೆ ಸಾಕ್ಷಿ!

ಅಷ್ಟಕ್ಕೂ 'ಅಂಕಣ ಶುರುವಾದ ಮೇಲೆ ಒಳ್ಳೆ ಕಾದಂಬರಿ ಬರೆಯಲಿಲ್ಲ' ಅನ್ನುವುದೂ ಸುಳ್ಳು. ಐರಿಶ್ ಭಾಷೆಯಲ್ಲೇ ಬರೆದ 'ಆನ್ ಬೇಲ್ ಬಾಖ್ಟ್' ಬಂದದ್ದು 1941ರಲ್ಲಿ, ಅಂಕಣಕಾರ ಮೈಲ್ಸ್ ಹೆಸರಿನಲ್ಲೇ. ಹಳ್ಳಿಯ ಬಡತನವನ್ನು ಪೂಜೆ ಮಾಡುವ ಆತ್ಮಕಥೆಗಳ ಗೇಲಿ. ನಿನ್ನೆ ಇದರ ಹೆಸರೇ ಬರಲಿಲ್ಲ. ಸಣ್ಣ ಭಾಷೆಯಲ್ಲಿ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ ಅನ್ನೋದನ್ನು ಕನ್ನಡದವರೇ ಕನ್ನಡದಲ್ಲೇ ತಲೆ ಅಲ್ಲಾಡಿಸಿ ಒಪ್ಪಿದ್ದು ನೋಡಿ ಇನ್ನೊಂದು ಸಲ ಕೈ ಎತ್ತಿದೆ. ಅದನ್ನೂ ಯಾರೂ ನೋಡಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ಎಲ್ಲರೂ ಹೊಗಳುವ 'ಆ್ಯಟ್ ಸ್ವಿಮ್-ಟು-ಬರ್ಡ್ಸ್' ನನಗೆ ಅರ್ಧಕ್ಕೆ ಸುಸ್ತು ಮಾಡಿತು. ಕಾಲಂಗಳು ಒಮ್ಮೆಯೂ ಮಾಡಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮನ ರಿಪೋರ್ಟಿಗೆ ಕಾಯುವಾಗ ಆ ಕಾಲಂಗಳನ್ನು ಓದಿ ಗಟ್ಟಿಯಾಗಿ ನಕ್ಕು ನರ್ಸ್ ಹತ್ತಿರ ಬೈಸಿಕೊಂಡವನು ನಾನು. ನನ್ನ ತಕ್ಕಡಿ ಸರಿಯಿಲ್ಲ ಅನ್ನಿ, ಬೇಸರವಿಲ್ಲ.

ಅವನ ಕೊನೆಯ ಕಾಲದಲ್ಲಿ ರಂಗಭೂಮಿ ಬೇರೆಯವರ ಕೈಯಿಂದ ಅವನ ಹತ್ತಿರ ಬಂತು. 1964ರ 'ದಿ ಡಾಕಿ ಆರ್ಕೈವ್' ಕಾದಂಬರಿಯನ್ನು ಮರುವರ್ಷ ಹ್ಯೂ ಲಿಯೊನಾರ್ಡ್ ನಾಟಕ ಮಾಡಿದ. ಲಿಯೊನಾರ್ಡ್ ಕೂಡ ನಾಟಕಕಾರ, ಮುಂದೆ 'ಸಂಡೇ ಇಂಡಿಪೆಂಡೆಂಟ್'ನಲ್ಲಿ ವರ್ಷಗಟ್ಟಲೆ ಸಿಡುಕು ಕಾಲಂ ಬರೆದವನು. 1978ರಲ್ಲಿ 'ಡಾ' ನಾಟಕಕ್ಕೆ ಬ್ರಾಡ್‌ವೇಯಲ್ಲಿ ಟೋನಿ ಪ್ರಶಸ್ತಿ ಪಡೆದ. ಅವನ ಅಕೌಂಟೆಂಟ್ 2,58,000 ಐರಿಶ್ ಪೌಂಡ್ ನುಂಗಿದ್ದು 1984ರಲ್ಲಿ ಗೊತ್ತಾಯಿತು. ಆ ದುಡ್ಡಲ್ಲಿ ಆಸಾಮಿ ಲಿಯೊನಾರ್ಡ್‌ನ ನಾಟಕಗಳಿಗೇ ದುಬಾರಿ ಸೀಟು ಕೊಂಡು ಗಿರಾಕಿಗಳನ್ನು ಕರೆದುಕೊಂಡು ಹೋಗುತ್ತಿದ್ದ! ಮೈಲ್ಸ್ ಬದುಕಿದ್ದರೆ ಇದಕ್ಕೂ ಒಂದು ದರಪಟ್ಟಿ ಹಾಕುತ್ತಿದ್ದ.

ಒ'ನೋಲನ್ ಸತ್ತದ್ದು 1966ರ ಏಪ್ರಿಲ್ 1ಕ್ಕೆ. 1967ರಲ್ಲಿ 'ಥರ್ಡ್ ಪೊಲೀಸ್‌ಮನ್' ಅಚ್ಚಾಯಿತು. 1968ರಲ್ಲಿ ಅವನ ತಮ್ಮ ಕೆವಿನ್ ಕಾಲಂಗಳನ್ನು ಆರಿಸಿ 'ದಿ ಬೆಸ್ಟ್ ಆಫ್ ಮೈಲ್ಸ್' ತಂದ. 1974ರಲ್ಲಿ ನಟ ಎಮನ್ ಮಾರಿಸ್ಸಿ ಇವನ ಬರಹಗಳನ್ನು ಇಟ್ಟುಕೊಂಡು 'ದಿ ಬ್ರದರ್' ಅಂತ ಏಕವ್ಯಕ್ತಿ ಪ್ರದರ್ಶನ ಮಾಡಿದ. ರಂಗಕ್ಕೆಂದೇ ಬರೆದ ನಾಟಕಗಳು ವಾರಗಳಲ್ಲಿ ಮಲಗಿದವು. ಪೇಪರಿಗೆ ಬರೆದ ಬಸ್ ಸ್ಟಾಪಿನ ಮಾತು ವರ್ಷಗಟ್ಟಲೆ ವೇದಿಕೆಯ ಮೇಲೆ ನಡೆಯಿತು. ಇದನ್ನು ನಿನ್ನೆ ಹೇಳೋಣ ಅಂತ ಬಾಯಿ ತೆರೆದೆ, ಹೋಸ್ಟ್ ಮೀಟಿಂಗ್ ಮುಗಿಸಿಬಿಟ್ಟರು.

ಓದಬೇಕು ಅನ್ನಿಸಿದವರು 'ಬೆಸ್ಟ್ ಆಫ್ ಮೈಲ್ಸ್'ನಿಂದ ಶುರು ಮಾಡಿ. ಕಾದಂಬರಿ ಆಮೇಲೆ ನೋಡಿದರಾಯಿತು. ನನ್ನ ಪ್ರತಿ ಮಾತ್ರ ಕೇಳಬೇಡಿ. ಮೊದಲು ಕೊಟ್ಟದ್ದೇ ವಾಪಸ್ ಬಂದಿಲ್ಲ, ತೆಗೆದುಕೊಂಡವರು ಈ ಪೋಸ್ಟಿಗೂ ಲೈಕ್ ಒತ್ತುತ್ತಾರೆ, ನೋಡ್ತಾ ಇರಿ.