ಬ್ರೊಕೊಲಿಯ ನೀಲಿ ರಬ್ಬರ್ ಬ್ಯಾಂಡ್

ಮೊನ್ನೆ ಸಂಜೆ ಆಫೀಸಿನಿಂದ ಬಂದು ನೋಡಿದರೆ ನಾನು ಕೂಡಿಹಾಕೋ ಹಾಕಿ ಕಾರ್ಡುಗಳು, ಅಂದರೆ ಆಟಗಾರರ ಫೋಟೋ ಇರೋ ಕಾರ್ಡುಗಳೆಲ್ಲ, ಕೊತ್ತಂಬರಿ ಕಟ್ಟಿನ ಹಾಗೆ ಟೇಬಲ್ ಮೇಲೆ ಕೂತಿದ್ದವು. ನಡುವೆ ದಪ್ಪ ನೀಲಿ ರಬ್ಬರ್ ಬ್ಯಾಂಡ್. ಬ್ರೊಕೊಲಿಗೆ ಸುತ್ತಿ ಬರುತ್ತದಲ್ಲ, ಅದೇ.

"ಹರಡ್ಕೊಂಡು ಬಿದ್ದಿದ್ವು ಕಣೋ, ಜೋಡ್ಸಿಟ್ಟೆ" ಅಂದಳು ಅಮ್ಮ.

ಅಮ್ಮ ಮೈಸೂರಿನಿಂದ ಕೆನಡಾದ ಮಿಸ್ಸಿಸಾಗಾಕ್ಕೆ ಬಂದು ಎರಡು ತಿಂಗಳಾಯಿತು. ನನ್ನ ಚಟಕ್ಕೆ ಆರು ವರ್ಷ. ಐಸ್ ಹಾಕಿ ಮ್ಯಾಚಿನ ಟಿಕೆಟ್ ಕೊಳ್ಳೋ ತಾಕತ್ತಿಲ್ಲ, ಕಾರ್ಡಾದರೂ ಇರಲಿ ಅಂತ ಶುರು ಮಾಡಿದ್ದು. ಹೆಂಡತಿ ಮಂಜೂರು ಮಾಡಿರೋದು ತಿಂಗಳಿಗೆ 20 ಡಾಲರ್. ಅದರಲ್ಲಿ ಸೀಲ್ ಆದ ಪ್ಯಾಕೆಟ್ ಒಡೆಯುವುದು ದುಡ್ಡಿಗೆ ದಂಡ. ಅಪ್ಪರ್ ಡೆಕ್ ಕಂಪನಿಯ 'ಯಂಗ್ ಗನ್ಸ್', ಅಂದರೆ ಹೊಸ ಆಟಗಾರರ ಮೊದಲ ಕಾರ್ಡು, ಎಲ್ಲ ಪ್ಯಾಕೆಟ್ಟಿನಲ್ಲೂ ಇರೋದಿಲ್ಲ. ಅದರಲ್ಲೂ ಯುವ ತಾರೆ ಕಾನರ್ ಬೆಡಾರ್ಡ್‌ನದೇ ಸಿಗಬೇಕೆಂದರೆ ಪೂರ್ವಜನ್ಮದ ಪುಣ್ಯ ಬೇಕು. ಅದಕ್ಕೇ ಭಾನುವಾರದ ಕಾರ್ಡ್ ಮೇಳದಲ್ಲಿ ಒಂದೊಂದು ಡಾಲರಿನ ಕಾರ್ಡು ತುಂಬಿದ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂತೆಯಲ್ಲಿ ಬೆಂಡೆಕಾಯಿ ಆರಿಸೋ ಹಾಗೆ ಒಂದೊಂದೇ ಆರಿಸುತ್ತೇನೆ. 1990-91ರ ಕಾರ್ಡಾದರೆ ಇನ್ನೂ ಅಗ್ಗ. ಆಗ ಅಚ್ಚು ಹಾಕಿದ್ದೇ ಹಾಕಿದ್ದು, ಈಗ ಕೇಳೋರಿಲ್ಲ. ಗೋಲಿಗಳದೂ ಅಷ್ಟೇ. ಗೋಲ್ ಕಾಯೋನು ಹೆಸರು ಮಾಡೋಕೆ ವರ್ಷಗಟ್ಟಲೆ ಹಿಡಿಯುತ್ತದೆ, ಅಲ್ಲಿವರೆಗೂ ನನ್ನಂಥವನ ಕೈಗೆ ಸಿಗುತ್ತಾನೆ.

ಕಟ್ಟಿನ ಮೇಲಿದ್ದದ್ದು ಅಂಥದ್ದೇ ಒಬ್ಬ ಗೋಲಿ. ಮೂರು ಡಾಲರ್ ಕೊಟ್ಟಿದ್ದೆ. ಬ್ಯಾಂಡ್ ಬಿಚ್ಚಿದರೆ ಸೊಂಟದ ಎರಡೂ ಕಡೆ ಉಡಿದಾರ ಬಿಗಿದ ಹಾಗೆ ಗುಳಿ.

"ಅಮ್ಮಾ, ಇದರ ಬೆಲೆ ಇರೋದೇ ಅಂಚು, ಮೂಲೇಲಿ. ಹಾಕಿ ದಿಗ್ಗಜ ಗ್ರೆಟ್ಸ್ಕಿಯ 1979ರ ಕಾರ್ಡೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಹೋಯ್ತು ಗೊತ್ತಾ?"

"ಅದು ನಿನ್ನ ಹತ್ರ ಇದೆಯಾ?"

"ಇಲ್ಲ."

"ಮತ್ತೆ? ಇವನ್ಯಾರು?"

"ಗೋಲಿ."

"ಗೋಲಿ ಆಡೋಕೆ ಇಷ್ಟು ದಪ್ಪ ಪ್ಯಾಡ್ ಯಾಕೋ?"

ಅಮ್ಮನ ರಬ್ಬರ್ ಬ್ಯಾಂಡ್‌ಗೆ ಸಿಗದ ವಸ್ತು ಈ ಮನೆಯಲ್ಲಿಲ್ಲ. ಹುಣಸೆಹಣ್ಣಿನ ಕವರ್, ಚಿಪ್ಸ್ ಪ್ಯಾಕೆಟ್, ರಿಮೋಟಿನ ಬೆನ್ನು, ನಮ್ಮೆಲ್ಲರ ಪಾಸ್‌ಪೋರ್ಟ್. ಸ್ಟಾಕು ಬಾತ್‌ರೂಮ್ ಬಾಗಿಲಿನ ಹಿಡಿಯಲ್ಲಿ. ತುರ್ತಿಗೆ ಅಂತ ಬಳೆ ಪಕ್ಕದಲ್ಲೇ ಎರಡು. ಅಂಗಡಿಗೆ ಕರೆದುಕೊಂಡು ಹೋದರೆ ಬ್ರೊಕೊಲಿ ನೋಡೋದೇ ಇಲ್ಲ, ಯಾವುದರ ಬ್ಯಾಂಡ್ ಗಟ್ಟಿ ಅಂತ ಎಳೆದೆಳೆದು ನೋಡುತ್ತಾಳೆ. ನಮ್ಮನೇಲಿ ಬ್ರೊಕೊಲಿ ಯಾರಿಗೂ ಸೇರಲ್ಲ. ಆದರೂ ವಾರಕ್ಕೆರಡು ಸಲ ಬರುತ್ತದೆ, ಹುಳಿಯೊಳಗೆ ಮುಳುಗುತ್ತದೆ, ನಾವು ಸುಮ್ನೆ ತಿನ್ನುತ್ತೇವೆ.

ರಾತ್ರಿ ಸಿಟ್ಟು ಇಳಿದ ಮೇಲೆ ಬೆಂಕಿಪೊಟ್ಟಣದ ಚಿತ್ರಗಳು ನೆನಪಾದವು. ಬೀಡಿ ಅಂಗಡಿ ಮುಂದೆ ಹೆಕ್ಕಿ ತರುತ್ತಿದ್ದೆ. ಅಮ್ಮ ನೂರು ನೂರು ಎಣಿಸಿ ಹೀಗೇ ಕಟ್ಟಿ ಕೊಡುತ್ತಿದ್ದಳು. ಮೂಲೆ ಮುಕ್ಕಾಯಿತೋ ಇಲ್ಲವೋ ಆಗ ಯಾರು ನೋಡಿದರು?

"ಅವೆಲ್ಲಾ ಏನಾದ್ವಮ್ಮಾ?"

"ಅಪ್ಪನ ಟ್ರಂಕಲ್ಲೇ ಇದಾವೆ. ರಬ್ಬರ್ ಬ್ಯಾಂಡ್ ಕರಗಿ ಎಲ್ಲಾ ಒಂದೇ ಇಟ್ಟಿಗೆ ಆಗಿದೆ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ನಾನು ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಆ ಗೋಲಿಯನ್ನು ಟಾಪ್‌ಲೋಡರಿಗೆ, ಅಂದರೆ ಕಾರ್ಡು ಮೇಲಿಂದ ಜಾರಿಸಿಡೋ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ, ಹಾಕಿ ಕಪಾಟಿನಲ್ಲಿಟ್ಟೆ. ಈಗ ತೆಗೆದು ನೋಡಿದರೆ ಟಾಪ್‌ಲೋಡರಿನ ಮೇಲೂ ನೀಲಿ ಪಟ್ಟಿ.

"ಮೇಲ್ಗಡೆ ತೆರೆದೇ ಇತ್ತಲ್ಲೋ" ಅಂದಳು ಅಮ್ಮ. "ಜಾರಿ ಬಿದ್ರೆ?"